ಅಕ್ಕನ ಕರಿ ನಾಲ್ಕು

ಹಾರ್ಮೋನಿಯಂ ಮೇಲೆ ಬಿಳಿ ಪಟ್ಟಿ, ಕರಿ ಪಟ್ಟಿ ಇರುತ್ತವೆ. ಹಾಡುವವರು ತಮ್ಮ ಕೊರಳಿಗೆ ಹೊಂದುವ ಒಂದು ಪಟ್ಟಿಯನ್ನು ‘ಸಾ’ ಎಂದು ಹಿಡಿದು ಹಾಡುತ್ತಾರೆ. ನಮ್ಮ ಅಕ್ಕನದು ಕರಿ ನಾಲ್ಕು, ಅಂದರೆ ನಾಲ್ಕನೆಯ ಕರಿ ಪಟ್ಟಿ. ಅಂಕಿ ಏರಿದಷ್ಟೂ ಸುರ ಏರುತ್ತದೆ. ಹೆಂಗಸರಲ್ಲೂ ಅದು ಎತ್ತರದ ಸುರವೇ. ಸಂಗೀತದ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು, ನಾನು ಮುಂದೆ ಹೇಳುವುದೆಲ್ಲ ತಿಳಿಯುತ್ತದೆ.

ಅಕ್ಕ ಹಾಡಿದಳು. ನಾನು ಅವಳ ಹಿಂದೆ ಕೂತು ತಂಬೂರಿ ಮೀಟಿದೆ. ಮದುವೆಗೆ ಮೊದಲು, ಮದುವೆಯಾದ ಮೇಲೆ, ಮಕ್ಕಳಾದ ಮೇಲೆ, ಮೊಮ್ಮಕ್ಕಳಾದ ಮೇಲೆ. ಜನ ಅವಳ ಮುಖ ನೋಡಿದರು, ನಾನು ಬೆನ್ನು ನೋಡಿದೆ. ಆದ್ದರಿಂದ ಅವಳ ಬಗ್ಗೆ ಬರೆಯುವ ಹಕ್ಕು ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಪಡಸಾಲೆಯಲ್ಲೇ ಮೂರು ಮಗ್ಗ. ಬೆಳಗಾಗುತ್ತಲೇ ಲಾಳಿ ಓಡಲು ಸುರುವಾದರೆ ದೀಪ ಹಚ್ಚುವ ತನಕ ಸದ್ದು ನಿಲ್ಲುತ್ತಿರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಹೊರಗಿನವರು ಬಂದರೆ ಇವರ ಮನೆಯಲ್ಲಿ ಸದಾ ಜಗಳ ಎಂದುಕೊಳ್ಳುತ್ತಿದ್ದರು. ಅಕ್ಕನೂ ನಾನೂ ಮೂಲೆಯಲ್ಲಿ ರಾಟಿ ಇಟ್ಟುಕೊಂಡು ಲಾಳಿಯೊಳಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದೆವು. ಅಕ್ಕ ಸುತ್ತುತ್ತಾ ಹಾಡುತ್ತಿದ್ದಳು. ದೇವರ ಪದ, ಕಂಪನಿ ನಾಟಕದ ಪದ, ಕಿವಿಗೆ ಬಿದ್ದದ್ದು ಯಾವುದಾದರೂ. ಮಗ್ಗಗಳ ಸದ್ದನ್ನು ಸೀಳಿಕೊಂಡು ಹೋಗುವ ಹಾಗೆ ಮೇಲೆ ಹಾಡುತ್ತಿದ್ದಳು.

ಒಂದು ದಿನ ಜಮಖಂಡಿಯಿಂದ ಒಬ್ಬ ಹಿರಿಯರು ಧೋತರ ಕೊಳ್ಳಲು ಬಂದರು. ಮೊದಲು ಸಂಸ್ಥಾನದ ದರಬಾರಿನಲ್ಲಿ ಹಾಡುತ್ತಿದ್ದವರು. ರಾಜರ ಆಳ್ವಿಕೆ ಹೋಗಿ ದರಬಾರೂ ಹೋಗಿತ್ತು, ಅವರ ಜಂಬ ಮಾತ್ರ ಹೋಗಿರಲಿಲ್ಲ. ಧೋತರ ಕೈಯಲ್ಲಿ ಹಿಡಿದು ಅಪ್ಪನಿಗೆ ಕೇಳಿದರು.

“ಒಳಗ ಯಾರ ಹಾಡಾಕತ್ತಾರ?”

ಅಪ್ಪ ತಕರಾರು ಎಂದುಕೊಂಡ. “ನಮ್ಮ ಹಿರೇ ಮಗಳ್ರೀ. ಬಾಯಿ ಮುಚ್ಚಸ್ತೀನಿ ತಡೀರಿ.”

“ಮುಚ್ಚಸಬ್ಯಾಡ್ರಿ ಮಾರಾಯ್ರ. ನನ್ನ ಮನಿಗೆ ಕಳಸ್ರಿ.”

ಅಪ್ಪ ಒಂದು ವಾರ ವಿಚಾರ ಮಾಡಿದ. ಅವ್ವ ಹೆಣ್ಣುಮಕ್ಕಳು ಹಾಡುವುದು ಯಾವ ಮನೆತನದ ಕೆಲಸ ಎಂದು ಒಲೆಯ ಮುಂದೆ ಕೂತು ಗೊಣಗಿದಳು. ಕೊನೆಗೆ ಅಪ್ಪ ಒಪ್ಪಿದ, ಆದರೆ ಅಕ್ಕ ಒಬ್ಬಳೇ ಹೋಗಬಾರದು, ತಂಗಿ ಜೊತೆಗಿರಬೇಕು ಎಂದ. ನಾನು ಆಗ ನಾಲ್ಕನೇ ಇಯತ್ತೆ. ನನ್ನ ಸಾಲಿ ಬಿಡಿಸಿದರು. ಇದನ್ನು ಹೇಳಿದರೆ ನನ್ನ ಮೊಮ್ಮಗಳು ಅಯ್ಯೋ ಪಾಪ ಎನ್ನುತ್ತಾಳೆ. ಪಾಪ ಏನೂ ಇಲ್ಲ. ಮಾಸ್ತರರು ಕೈಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಅಲ್ಲಿಂದ ಬಿಡುಗಡೆಯಾಯಿತಲ್ಲ ಎಂದು ಬಸ್ಸಿನ ಕಿಟಕಿಗೆ ಕೂತು ಜಮಖಂಡಿಗೆ ಹೋದೆ.

ಗುರುಗಳ ಮನೆಯಲ್ಲಿ ಮೊದಲ ದಿನ ಅಕ್ಕ ಮುಂದೆ ಕೂತಳು, ನಾನು ಗೋಡೆಗೆ ಒರಗಿ ಕೂತೆ. ಗುರುಗಳು ನನ್ನನ್ನು ನೋಡಿದರು.

“ನೀ ಏನ ಮಾಡ್ತೀಯವ್ವಾ?”

“ಏನಿಲ್ರಿ. ಅಕ್ಕನ್ನ ಕಾಯಾಕ ಬಂದೇನ್ರಿ.”

“ಕಾಯ್ಕೋತ ಇದನ್ನ ಮೀಟು,” ಎಂದು ತಂಬೂರಿ ಮಡಿಲಿಗೆ ಇಟ್ಟರು. ಒಂದು ವಾರ ಬಿಟ್ಟು ನನಗೂ ‘ಸಾ’ ಹಚ್ಚಲು ಹೇಳಿದರು. ಹಚ್ಚಿದೆ. ಅವರು ಹೊಟ್ಟೆ ಹಿಡಿದು ನಕ್ಕರು. “ನಿನ್ನ ಕಿವಿ ಭಾಳ ಛಲೋ ಅದಾವ. ಬಾಯಿ ಮಾತ್ರ ತಗೀಬ್ಯಾಡ.” ನಾನು ಇಂದಿನ ತನಕ ತೆಗೆದಿಲ್ಲ, ಹಾಡಲು ಮಾತ್ರ. ಬೈಯಲು ತೆಗೆದಿದ್ದೇನೆ.

ತಂಬೂರಿ ಎಂದರೆ ನಾಲ್ಕು ತಂತಿ ಮೀಟುವುದು ಅಷ್ಟೇ ಎಂದು ಜನ ತಿಳಿಯುತ್ತಾರೆ. ಬಿರಡೆ ತಿರುಗಿಸಿ ಸುರ ಕೂಡಿಸಬೇಕು, ತಂತಿಯ ಕೆಳಗೆ ಸಣ್ಣ ದಾರದ ಎಳೆ ಇಟ್ಟು ಸರಿಸುತ್ತಾ ಸರಿಸುತ್ತಾ ಅದು ಗುಂಗುಡುವ ಜಾಗ ಹುಡುಕಬೇಕು. ಆ ಎಳೆಯನ್ನು ನಾನು ಮನೆಯಿಂದಲೇ ಒಯ್ಯುತ್ತಿದ್ದೆ. ಗುರುಗಳಿಗೆ ನಮ್ಮ ಮಗ್ಗದ ನೂಲು ಸೇರಿತ್ತು. ಪೇಟೆಯ ದಾರ ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಗುರುಗಳು ಅಕ್ಕನಿಗೆ ಗಂಡಾ ಕಟ್ಟಿದರು. ಗಂಡಾ ಎಂದರೆ ಗುರು ಶಿಷ್ಯರ ಕೈಗೆ ಕಟ್ಟುವ ದಾರ. ಇನ್ನು ಮುಂದೆ ನೀನು ನಮ್ಮ ಮನೆಯವಳು ಎಂದು ಅರ್ಥ. ಆ ಮನೆಯಲ್ಲಿ ಅದಕ್ಕೆ ಇನ್ನೊಂದು ಪದ್ಧತಿ ಸೇರಿತ್ತು. ದಾರ ಕಟ್ಟಿದ ದಿನವೇ ಗುರುಗಳು ಶಿಷ್ಯನ ಸುರ ಯಾವುದೆಂದು ಎಲ್ಲರ ಮುಂದೆ ಹೇಳುತ್ತಿದ್ದರು. ಅಕ್ಕನಿಗೆ “ನಿನ್ನ ಮನಸಿಗೆ ಬಂದಂಗ ಹಾಡು” ಎಂದು ಹೇಳಿ, ತಾವು ಪಟ್ಟಿಗಳನ್ನು ಒಂದೊಂದಾಗಿ ಒತ್ತುತ್ತಾ ಬಂದು ಕರಿ ನಾಲ್ಕಕ್ಕೆ ಬೆರಳು ನಿಲ್ಲಿಸಿದರು.

“ಇದು ನಿನ್ನ ಮನಿ. ಇದನ್ನ ಬಿಟ್ಟ ಹೊರಗ ಹೋಗಬ್ಯಾಡ.”

ಅಕ್ಕ ಅವರ ಕಾಲಿಗೆ ಬಿದ್ದಳು. ಅಂದಿನಿಂದ ಕರಿ ನಾಲ್ಕು ಎಂದರೆ ಅವಳಿಗೆ ಕುಂಕುಮ ಇದ್ದ ಹಾಗೆ. ಆ ಮನೆಯ ಶಿಷ್ಯರೆಲ್ಲ ಹಾಗೆಯೇ. ಗುರು ಕೊಟ್ಟ ಸುರದಿಂದ ಕೆಳಗಿಳಿದವರಿಗೆ ಮರ್ಯಾದೆ ಇರಲಿಲ್ಲ. ನಮಗಿಂತ ಮೊದಲಿನಿಂದ ಕಲಿಯುತ್ತಿದ್ದ ತೇರದಾಳದ ಒಬ್ಬರಿದ್ದರು. ನಾವು ಅವರನ್ನು ಅಣ್ಣ ಎನ್ನುತ್ತಿದ್ದೆವು. ವಿಷಮಜ್ವರ ಬಂದು ಹಾಸಿಗೆ ಹಿಡಿದು ಎದ್ದ ಮೇಲೆ ಅವರ ಕೊರಳು ಮೊದಲಿನಷ್ಟು ಏರಲಿಲ್ಲ. ಒಂದು ಪಟ್ಟಿ ಇಳಿಸಿ ಹಾಡಿದರು. ಗುರುಗಳು ಏನೂ ಅನ್ನಲಿಲ್ಲ, ಶಿಷ್ಯರು ಬಿಡಲಿಲ್ಲ. ‘ಸುರಾ ಬಿಟ್ಟಾಂವ’ ಎಂದು ಹೆಸರಿಟ್ಟರು. ಅಕ್ಕನೂ ಹಾಗೇ ಕರೆದಳು, ಅವರ ಎದುರಿಗೇ. ಅಣ್ಣ ಹಾಡುವುದನ್ನು ಬಿಟ್ಟು ಪೇಟಿ ಹಿಡಿದರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಮುಂದೆ ಅಕ್ಕನ ಎಲ್ಲ ಕಚೇರಿಗಳಿಗೂ ಅವರದೇ ಪೇಟಿ. ಆ ಹೆಸರಿನ ಮಾತು ಅವರ ಬಾಯಿಂದ ಎಂದೂ ಬರಲಿಲ್ಲ.

ಅಕ್ಕನ ಮೊದಲ ಕಚೇರಿ ಮುಧೋಳದಲ್ಲಿ, ಗಣಪತಿ ಹಬ್ಬದಲ್ಲಿ. ಹೊಸ ಸೀರೆ, ತಲೆತುಂಬ ಹೂವು. ಮುಂದೆ ಮೈಕು. ಮೈಕಿನ ಮುಂದೆ ಹೇಗೆ ಹಾಡಬೇಕು ಎಂದು ಯಾರೂ ಹೇಳಿರಲಿಲ್ಲ, ನೇಕಾರರ ಮಗಳಿಗೆ ಗೊತ್ತೂ ಇರಲಿಲ್ಲ. ಬನಹಟ್ಟಿಯ ಪಡಸಾಲೆಯಲ್ಲಿ ಹಾಡಿದಂತೆ ಬಾಯಿ ತೆರೆದು ‘ಸಾ’ ಹಚ್ಚಿದಳು. ಲೌಡ್‌ಸ್ಪೀಕರಿನ ಕರ್ಣಗಳು ಕಿರ್ರೆಂದವು. ಮುಂದಿನ ಸಾಲಿನ ಕೂಸುಗಳು ಅಳತೊಡಗಿದವು. ಮೈಕಿನವನು ಓಡಿ ಬಂದು ಮೈಕನ್ನು ದೂರ ಸರಿಸಿದ. ಆಗಲೂ ಅಷ್ಟೇ. ಮತ್ತೂ ದೂರ ಇಟ್ಟ. ಹಿಂದಿನಿಂದ ಯಾರೋ ಕೂಗಿದರು.

“ಅದನ್ನ ಲೋಕಾಪುರದಾಗ ಇಡೋ, ಅಲ್ಲಿಂದನೂ ಕೇಳತೈತಿ!”

ಮಂದಿ ಬಿದ್ದು ಬಿದ್ದು ನಕ್ಕರು. ಅಕ್ಕ ಹಾಡು ಮುಗಿಸಿಯೇ ಎದ್ದಳು. ಅಳಲಿಲ್ಲ. ಗುರುಗಳು ಹೊರಗೆ ಬಂದು ಹೇಳಿದ್ದು ಒಂದೇ ಮಾತು. “ಮೂರೂ ಮಗ್ಗ ಬೆನ್ನಿಗೆ ಕಟಗೊಂಡ ಬಂದೀಯಲ್ಲವ್ವಾ.”

ಆಮೇಲೆ ಅವರು ಕೊಟ್ಟ ಔಷಧ ಕೇಳಿ. ಶಾಂತವಾದ ಜಾಗದಲ್ಲಿ ಕೂತು ಮೆಲ್ಲಗೆ ಹಾಡುವುದನ್ನು ಕಲಿ ಎನ್ನಲಿಲ್ಲ. ಬನಹಟ್ಟಿಗೇ ಬಂದರು, ಅಪ್ಪನಿಗೆ ಮಗ್ಗ ನಿಲ್ಲಿಸಬೇಡಿ ಎಂದರು, ಮಗ್ಗಗಳ ನಡುವೆ ಅಕ್ಕನನ್ನು ಕೂಡಿಸಿದರು. “ಈಗ ಹಾಡು. ನಿನ್ನ ದನಿ ನಿನಗಷ್ಟ ಕೇಳಬೇಕು. ನಿಮ್ಮಪ್ಪಗ ಕೇಳಿದ್ರ ತಪ್ಪಿದಿ.”

ಒಂದು ವರ್ಷ ಅವಳು ಹಾಗೆ ಹಾಡಿದಳು. ಮೂರು ಮಗ್ಗದ ಸದ್ದಿನ ಒಳಗೆ ತನ್ನ ದನಿಯನ್ನು ಅಡಗಿಸಿ, ಕಿವಿಗೆ ಕೇಳದಿದ್ದದ್ದನ್ನು ಎದೆಗೂಡಿನಲ್ಲಿ ಹಿಡಿದು. ಅಪ್ಪ ಲಾಳಿ ಎಳೆಯುತ್ತಾ ನನ್ನನ್ನು ಕೇಳುತ್ತಿದ್ದ. “ನಿಮ್ಮಕ್ಕ ಹಾಡತಾಳೊ, ಬಾಯಿ ಅಷ್ಟ ಆಡಸ್ತಾಳೊ?” ನನಗೂ ಕೇಳುತ್ತಿರಲಿಲ್ಲ. ಅವಳ ಹಣೆಯ ಬೆವರು ನೋಡಿ ಹಾಡುತ್ತಿದ್ದಾಳೆ ಎಂದು ಹೇಳುತ್ತಿದ್ದೆ. ಮರುವರ್ಷ ಅದೇ ಮುಧೋಳ, ಅದೇ ಮೈಕಿನವನು. ಅವನು ಮೈಕನ್ನು ಮೊದಲೇ ದೂರ ಇಟ್ಟು ನಿಂತಿದ್ದ. ಅಕ್ಕ ಹಾಡಲು ತೊಡಗಿದ ಮೇಲೆ ತಾನೇ ತಂದು ಹತ್ತಿರ ಇಟ್ಟ. ಅಂದು ಯಾರೂ ನಗಲಿಲ್ಲ. ನಾನು ಅವಳನ್ನು ಮೆಚ್ಚಿದ್ದು ಅಂದಿನಿಂದ. ಅದಕ್ಕೆ ಮೊದಲು ಅವಳು ನನಗೆ ಬರೀ ಅಕ್ಕ.

ಮುಂದೆ ಜಮಖಂಡಿ, ಬೀಳಗಿ, ಲೋಕಾಪುರ ಎಲ್ಲ ಕಡೆ ಕರೆದರು. ರೇಡಿಯೋದಲ್ಲಿ ಹಾಡಿದಳು. ಧಾರವಾಡ, ಬೆಳಗಾವಿ, ಸೊಲ್ಲಾಪುರ, ಪುಣೆಯ ತನಕ ಹೋದೆವು. ಅಕ್ಕನಿಗೆ ಬನಹಟ್ಟಿಯ ನೂಲಿನ ವ್ಯಾಪಾರಿಯ ಜೊತೆ ಮದುವೆಯಾಯಿತು. ಹಾಡುವುದನ್ನು ಬಿಡಿಸಬಾರದು ಎಂದು ಗುರುಗಳೇ ಬೀಗರ ಎದುರು ಕೂತು ಮಾತು ತೆಗೆದುಕೊಂಡಿದ್ದರು. ಅವಳ ಗಂಡ ಒಳ್ಳೆಯ ಮನುಷ್ಯ. ಪ್ರತಿ ಕಚೇರಿಗೂ ಬರುತ್ತಿದ್ದ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದ, ತಂಬೂರಿ ಸುರುವಾಗುತ್ತಲೇ ನಿದ್ದೆ ಹೋಗುತ್ತಿದ್ದ. ಚಪ್ಪಾಳೆಗೆ ಎಚ್ಚರಾಗಿ ತಾನೂ ತಟ್ಟುತ್ತಿದ್ದ. ನನ್ನನ್ನು ರಬಕವಿಗೆ ಕೊಟ್ಟರು, ಅಕ್ಕನ ಮನೆಗೆ ನಡೆದು ಹೋಗುವಷ್ಟು ದೂರ. ನನ್ನ ಗಂಡ ಮೊದಮೊದಲು ಗೊಣಗಿದ, ಆಮೇಲೆ ನಾನು ಕಚೇರಿಗೆಂದು ಬೇರೆ ಊರಿಗೆ ಹೋದಾಗ ತಾನೇ ರೊಟ್ಟಿ ಬಡಿಯಲು ಕಲಿತ. ದಪ್ಪ ರೊಟ್ಟಿ, ಆದರೂ ರೊಟ್ಟಿ.

ಹುನ್ನೂರಿನ ಕಚೇರಿ ಒಂದನ್ನು ಹೇಳಬೇಕು. ಒಕ್ಕಲುತನದ ಊರು, ಸಂಜೆಯ ಹೊತ್ತು, ಬೇವಿನ ಮರದ ಕೆಳಗೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಅರ್ಧಕ್ಕೆ ಕರೆಂಟು ಹೋಯಿತು. ಮೈಕಿಲ್ಲ. ಸಂಘಟಕರು ಕೈಮುಗಿದು ಇಲ್ಲಿಗೇ ನಿಲ್ಲಿಸೋಣವೇ ಎಂದರು. ಅಕ್ಕ ಮೈಕನ್ನು ಬದಿಗೆ ಸರಿಸಿ, “ಕುಂದರ್ರಿ, ಇನ್ನೂ ಮುಗಿದಿಲ್ಲ” ಎಂದಳು. ಕೂಗಿ ಹಾಡಲಿಲ್ಲ. ಇದ್ದ ದನಿಯಲ್ಲೇ ಹಾಡಿದಳು, ಮಂದಿಯೇ ಮುಂದೆ ಮುಂದೆ ಸರಿದು ಬಂದರು. ಮುಗಿದ ಮೇಲೆ ಒಬ್ಬ ಮುದುಕ ವೇದಿಕೆಯ ಹತ್ತಿರ ಬಂದು ತಲೆಗೆ ಸುತ್ತಿದ ಪಟಗಾ ಸರಿಮಾಡಿಕೊಂಡು ಹೇಳಿದ.

“ಯವ್ವಾ, ಖರೆ ಹೇಳತೀನಿ, ಸಿಟ್ಟಾಗಬ್ಯಾಡ. ಬ್ಯಾರೇದವ್ರು ಹಾಡಿದ್ದು ನನಗ ತಿಳಿಯೂದಿಲ್ಲ. ನೀ ಹಾಡಿದ್ದೂ ತಿಳಿಲಿಲ್ಲ. ಆದ್ರ ಎತ್ತಿಗೆ ಮೇವ ಹಾಕೂದಿತ್ತು, ಎದ್ದ ಹೋಗಾಕ ಆಗಲಿಲ್ಲ ನೋಡು.”

ಅಕ್ಕನಿಗೆ ಪುಣೆಯಲ್ಲಿ ಶಾಲು ಹೊದಿಸಿದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಹೇಳಿದಳು.

ಗುರುಗಳು ತೀರಿಕೊಂಡರು. ಪ್ರತಿ ವರ್ಷ ಅವರ ತಿಥಿಯ ದಿನ ಮುಂಜಾನೆ ಜಮಖಂಡಿಯ ಅವರ ಮನೆಯಲ್ಲಿ ಶಿಷ್ಯರೆಲ್ಲ ಸೇರಿ ಹಾಡುವುದು ರೂಢಿಯಾಯಿತು. ಗುರುಗಳದೇ ತಂಬೂರಿ ಜೋಡಿ ಅಲ್ಲಿ ಶ್ರುತಿಗೆ. ಒಬ್ಬೊಬ್ಬರೂ ಗುರು ಹೇಳಿದ ತಮ್ಮ ತಮ್ಮ ಸುರದಲ್ಲೇ ಹಾಡಬೇಕು. ಹಿರಿಯ ಶಿಷ್ಯರು ಕೊನೆಗೆ. ಅಕ್ಕನದು ಕೊನೆಯ ಸರದಿ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಅಕ್ಕ ಐವತ್ತರ ಹತ್ತಿರ ಬಂದಾಗ ಅವಳ ಬೆನ್ನು ಬದಲಾಯಿತು. ಮೇಲಿನ ‘ಸಾ’ ಹತ್ತಿರ ಬಂದಾಗ ಭುಜ ಏರುತ್ತಿತ್ತು, ಕತ್ತಿನ ನರ ಬಿಗಿಯುತ್ತಿತ್ತು. ಮೊದಲೆಲ್ಲ ಮೇಲೆ ಹೋಗಿ ಅಲ್ಲೇ ಮನೆ ಮಾಡಿ ಕೂರುತ್ತಿದ್ದವಳು ಈಗ ಸುರಗಳನ್ನು ಸರಸರನೆ ಪೋಣಿಸುವ ತಾನ ಹೊಡೆದು ಓಡಿ ಮುಟ್ಟಿ ಓಡಿ ಬರುತ್ತಿದ್ದಳು. ಮುಂದೆ ಕೂತವರು ಏನು ತಯಾರಿ, ಏನು ಪಳಗಿದ ಕೊರಳು ಎಂದು ತಲೆದೂಗಿದರು. ತಯಾರಿಯಲ್ಲ ಅದು, ಅಂಜಿಕೆ. ಅಣ್ಣನಿಗೂ ಗೊತ್ತಾಗಿತ್ತು. ಆ ಜಾಗ ಬಂದಾಗ ಪೇಟಿಯ ದನಿ ಸ್ವಲ್ಪ ಏರಿಸಿ ಅವಳನ್ನು ಮುಚ್ಚುತ್ತಿದ್ದರು. ರಬಕವಿಯ ಒಂದು ಕಚೇರಿಯಲ್ಲಿ ಮುಚ್ಚಲು ಆಗಲಿಲ್ಲ. ದನಿ ಹಳೆಯ ಬಟ್ಟೆಯ ಹಾಗೆ ಸರ್ರನೆ ಹರಿಯಿತು. ಅಕ್ಕ ಕೆಮ್ಮಿ ನೀರು ಕೇಳಿದಳು. ಮುಂದಿನ ಸಾಲಿನಲ್ಲಿ ಅವಳ ಗಂಡ ಎಚ್ಚರಾಗಿ ಕಣ್ಣು ಬಿಟ್ಟು ಕೂತಿದ್ದ. ಅವನನ್ನು ಚಪ್ಪಾಳೆ ಬಿಟ್ಟು ಬೇರೆ ಯಾವ ಸದ್ದೂ ಎಬ್ಬಿಸಿರಲಿಲ್ಲ. ಆಗ ನನಗೆ ಖಾತ್ರಿಯಾಯಿತು.

ಅಕ್ಕ ಜ್ಯೇಷ್ಠಮಧು ಅಗಿದಳು, ಮೆಣಸು ಕಲ್ಲುಸಕ್ಕರೆ ತಿಂದಳು, ಮೊಸರು ಬಿಟ್ಟಳು, ಶೇಂಗಾ ಚಟ್ನಿ ಬಿಟ್ಟಳು. ದವಾಖಾನೆಯಲ್ಲಿ ಬ್ಯಾಟರಿ ಬಿಟ್ಟು ನೋಡಿ ಗಂಟಲಲ್ಲಿ ಏನೂ ಇಲ್ಲ ಎಂದರು. ಗುರುಗಳ ತಿಥಿ ಹತ್ತಿರ ಬಂದಿತ್ತು. ಅವಳು ಮೊದಲಿಗಿಂತ ಎರಡರಷ್ಟು ರಿಯಾಜು ಮಾಡಿದಳು, ಕೊರಳು ಮೊದಲಿಗಿಂತ ಎರಡರಷ್ಟು ಹದಗೆಟ್ಟಿತು.

ಒಂದು ದಿನ ಅವಳ ಅಡಿಗೆಮನೆಯಲ್ಲಿ ಕೂತು ಹೇಳಿಬಿಟ್ಟೆ.

“ಅಕ್ಕಾ, ನಿನ್ನ ಕೊಳ್ಳಿಗಿ ಏನೂ ಆಗಿಲ್ಲ. ಮುಟ್ಟ ನಿಂತಾವ. ಅದಕ್ಕ ದನಿ ದಪ್ಪ ಆಗೇತಿ. ನಂದೂ ಆಗೇತಿ, ನಮ್ಮ ಓಣ್ಯಾಗ ಎಲ್ಲಾರ್ದೂ ಆಗೇತಿ. ನಾವ್ಯಾರೂ ಹಾಡೂದಿಲ್ಲ, ಅದಕ್ಕ ಯಾರಿಗೂ ಗೊತ್ತಾಗಿಲ್ಲ.”

ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಗುರುಗೋಳು ಹಿಂಗ ಆಕ್ಕೈತಿ ಅಂತ ಎಂದೂ ಹೇಳಲಿಲ್ಲ.”

“ಅವ್ರೇನ ಹೆಂಗಸರನ? ಅವ್ರಿಗೆ ಹೆಂಗ ಗೊತ್ತಿರಬೇಕು? ಒಂದ ಪಟ್ಟಿ ಇಳಸು. ಕರಿ ಮೂರು ಹಿಡಿ.”

“ಬಾಯಿ ಮುಚ್ಚಬೇ. ಗುರು ಕೊಟ್ಟದ್ದ ಇಳಸಂತಿ?”

“ಗುರು ಎಲ್ಲಿ ಕೊಟ್ಟಾರ? ಮಗ್ಗದ ಸಪ್ಪಳದಾಗ ನೀ ಮ್ಯಾಲ ಹಾಡಿದ್ರ ಅಷ್ಟ ನಿನಗ ಕೇಳತಿತ್ತು. ಮ್ಯಾಲ ಹಾಡಿ ಹಾಡಿ ರೂಢಿ ಆಗಿತ್ತು. ಅವ್ರು ಪೇಟಿ ಮ್ಯಾಲ ಅದನ್ನ ಹುಡುಕಿ ಕರಿ ನಾಕು ಅಂದ್ರು. ಇದ್ದದ್ದನ್ನ ಹೇಳ್ಯಾರ ಅಷ್ಟ. ಈಗ ಅವ್ರಿದ್ದು ಹುಡುಕಿದ್ರ ಮೂರಂತಿದ್ರು.”

“ಇಳಿಸಿ ಹಾಡಾಕಿಂತ ಹಾಡೂದ ಬಿಡತೀನಿ. ಅಣ್ಣಗ ಏನ ಅಂದಿದ್ರು, ಮರತಿಯೇನು?”

“ಅಂದಾಕಿ ನೀನಽ ಇದ್ದಿ,” ಎಂದೆ.

ಅವಳು ಬೆನ್ನು ತಿರುಗಿಸಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ತಟ್ಟುವ ರಭಸಕ್ಕೆ ರೊಟ್ಟಿಯ ಅಂಚು ಹರಿಯುತ್ತಿತ್ತು. ನಾನು ಎದ್ದು ಬಂದೆ. ಆಮೇಲೆ ತಿಥಿಯ ತನಕ ನನ್ನ ಜೊತೆ ಮಾತು ಬಿಟ್ಟಳು. ರಿಯಾಜಿಗೂ ಕರೆಯಲಿಲ್ಲ. ನಾನೂ ಹೋಗಲಿಲ್ಲ. ನಾನು ಹೇಳಿದ್ದು ಖರೆ, ಅದಕ್ಕೆ ಕ್ಷಮೆ ಕೇಳುವ ಪದ್ಧತಿ ನನಗಿಲ್ಲ. ಆದರೆ ಒಂದು ಅಂಜಿಕೆ ಹೊಕ್ಕಿತ್ತು. ಇವಳು ಹಟಮಾರಿ. ಬಿಡುತ್ತೇನೆ ಎಂದರೆ ಬಿಟ್ಟೇ ಬಿಡುವವಳು. ಬಿಟ್ಟ ಮೇಲೆ ಏನು ಮಾಡುತ್ತಾಳೆ? ಅವಳಿಗೆ ಬೇರೆ ಏನೂ ಬರುವುದಿಲ್ಲ. ರೊಟ್ಟಿ ಕೂಡ ನನ್ನಷ್ಟು ಚಲೋ ಬರುವುದಿಲ್ಲ.

ತಿಥಿಯ ದಿನ ಮುಂಜಾನೆ ಒಂದೇ ಬಸ್ಸಿನಲ್ಲಿ ಹೋದೆವು. ಅವಳು ಕಿಟಕಿಗೆ, ನಾನು ಪಕ್ಕದಲ್ಲಿ. ಗುರುಗಳ ಮನೆ ತುಂಬಿತ್ತು. ಕಿರಿಯ ಶಿಷ್ಯರು ಹಾಡಿದರು, ನಡುವಿನವರು ಹಾಡಿದರು, ಹಿರಿಯರು ಹಾಡಿದರು, ಅಕ್ಕನ ಸರದಿ ಬಂತು. ನಾನು ಒಂದು ತಂಬೂರಿ ಹಿಡಿದೆ, ಗುರುಗಳ ಸೊಸೆ ಇನ್ನೊಂದು ಹಿಡಿದಳು. ಕರಿ ನಾಲ್ಕಕ್ಕೆ ಕೂಡಿಸಿದೆ. ಅಣ್ಣ ಪೇಟಿಯ ಮೇಲೆ ಕರಿ ನಾಲ್ಕು ಒತ್ತಿ ಹಿಡಿದರು. ತಬಲಾದವರು ಬಡಿದು ಬಡಿದು ಹೊಂದಿಸಿದರು.

ತೋಡಿ ರಾಗ ಎತ್ತಿದಳು. ಸಾವಧಾನದ ಹಾಡು, ನಡುವಿನ ಸುರಗಳಲ್ಲೇ ಬಹಳ ಹೊತ್ತು ಇದ್ದಳು. ಚಲೋ ಹಾಡುತ್ತಿದ್ದಳು, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿ ಎಷ್ಟು ಹೊತ್ತು ಇರಲು ಬರುತ್ತದೆ? ಹಾಡು ಮೇಲಕ್ಕೆ ಕರೆಯುತ್ತಿತ್ತು. ಅವಳ ಭುಜ ಏರುವುದು ಕಂಡೆ. ಅಣ್ಣ ಪೇಟಿಯ ದನಿ ಏರಿಸಲು ತಯಾರಾಗುವುದೂ ಕಂಡೆ. ತಾನ ಹೊಡೆದು ಓಡಿದ್ದರೆ ಅಂದು ಹೇಗೋ ಪಾರಾಗುತ್ತಿದ್ದಳು. ಅಲ್ಲಿದ್ದವರಲ್ಲಿ ನಾಲ್ಕು ಮಂದಿಗೆ ಮಾತ್ರ ತಿಳಿಯುತ್ತಿತ್ತು.

ಅವಳು ನಿಲ್ಲಿಸಿಬಿಟ್ಟಳು. ಸುರ ಹರಿಯುವುದಕ್ಕೆ ಮೊದಲೇ, ತಾನಾಗಿ. ತಬಲಾ ಎರಡು ಪೆಟ್ಟು ಮುಂದೆ ಹೋಗಿ ನಿಂತಿತು. ಅವಳು ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. ಕಚೇರಿಯ ನಡುವೆ ಹಾಗೆ ತಿರುಗಿದ್ದು ಅದೇ ಮೊದಲು.

“ಇಳಸು,” ಎಂದಳು.

“ಎಷ್ಟ?”

“ಕರಿ ಮೂರು.”

ಮುಂದೆ ಕೂತಿದ್ದ ಒಬ್ಬ ಹಿರಿಯ ಶಿಷ್ಯರು ಎದ್ದೇ ನಿಂತರು. “ಏನ್ರಿ ಇದು? ಗುರುಗೋಳು ಕೊಟ್ಟ ಸುರಾರೀ! ಅವ್ರ ಮನ್ಯಾಗ ಕುಂತು, ಅವ್ರ ತಂಬೂರಿ ಮ್ಯಾಲ…”

“ಹೌದ್ರಿ. ಅವ್ರು ಸುರಾ ಕೊಟ್ಟಾಗಿನ ಕೊಳ್ಳ ಇರೂತನಕ ಅದರಾಗs ಹಾಡೇನ್ರಿ. ಈಗ ಕೊಳ್ಳ ಬ್ಯಾರೆ ಆಗೇತಿ. ಕುಂದರ್ರಿ, ಹಾಡೂದೈತಿ.”

ಆಮೇಲೆ ಅಣ್ಣನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. “ಅಣ್ಣಾರ, ಆವತ್ತ ನಾ ನಿಮಗ ಅಂದಿದ್ದ ಮಾತ ತಪ್ಪಿತ್ತು. ಮೂರು ಹಿಡೀರಿ.”

ಅಣ್ಣ ತಲೆ ಎತ್ತಲಿಲ್ಲ. ಬೆರಳು ಸರಿಸಿ ಕರಿ ಮೂರು ಒತ್ತಿದರು. “ಹಾಡವ್ವಾ,” ಎಂದರು, ಅಷ್ಟೇ.

ತುಂಬಿದ ಮನೆಯಲ್ಲಿ ಎಲ್ಲರೂ ನೋಡುತ್ತಿರುವಾಗ ತಂಬೂರಿ ಇಳಿಸಿ ಕೂಡಿಸುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಬಿರಡೆ ಸಡಿಲಿಸಿದರೆ ತಂತಿ ಒಮ್ಮೆಲೇ ಜಾರುತ್ತದೆ. ಎಳೆ ಮತ್ತೆ ಹೊಂದಿಸಬೇಕು. ತಬಲಾದವರು ಸುತ್ತಿಗೆ ತೆಗೆದು ಕುಟ್ಟುತ್ತಿದ್ದರು. ಮಂದಿ ಗುಸುಗುಸು ಎನ್ನುತ್ತಿದ್ದರು. ಅಕ್ಕ ಕಣ್ಣು ಮುಚ್ಚದೆ, ತಲೆ ತಗ್ಗಿಸದೆ, ಕೈ ಮಡಿಲಲ್ಲಿಟ್ಟು ಎದುರಿಗೇ ನೋಡುತ್ತಾ ಕೂತಳು. ಅವಸರ ಮಾಡು ಎನ್ನಲಿಲ್ಲ. ಎರಡೂ ತಂಬೂರಿ ಒಂದಾಗುವ ತನಕ ಮಂದಿಯನ್ನು ಕಾಯಿಸಿದಳು. ಅವಳು ಹಾಡಿದ ಎಷ್ಟೋ ಕಚೇರಿ ಕೇಳಿದ್ದೇನೆ. ಹಾಡದೆ ಕೂತ ಆ ಸ್ವಲ್ಪ ಹೊತ್ತಿನಷ್ಟು ದೊಡ್ಡವಳಾಗಿ ಅವಳು ನನಗೆ ಎಂದೂ ಕಂಡಿರಲಿಲ್ಲ.

ಅದೇ ತೋಡಿಯನ್ನು ಮೊದಲಿನಿಂದ ಎತ್ತಿದಳು. ಮೇಲಿನ ‘ಸಾ’ಕ್ಕೆ ಹೋಗಿ ನಿಂತಳು. ಭುಜ ಏರಲಿಲ್ಲ. ಅಣ್ಣ ಪೇಟಿಯಿಂದ ಬೆರಳನ್ನೇ ಎತ್ತಿಬಿಟ್ಟರು, ಅವಳ ದನಿ ಒಂದೇ ಉಳಿಯಿತು. ಅಲ್ಲಿಂದ ಕೆಳಗಿಳಿದು ಇಳಿದು, ಅವಳು ಎಂದೂ ಹೋಗದಿದ್ದ ಕಡೆ, ತಳದ ಸುರಗಳ ಕಡೆ ಹೋದಳು. ಅಲ್ಲಿ ದನಿ ದಪ್ಪವಾಗಿ, ಸ್ವಲ್ಪ ಗೊಗ್ಗರಾಗಿ, ಯಾರೋ ಬೇರೆ ಹೆಂಗಸು ಹಾಡಿದ ಹಾಗಿತ್ತು. ನನ್ನ ತೊಡೆಯ ಮೇಲಿದ್ದ ತಂಬೂರಿಯ ಬುರುಡೆ ಅದಕ್ಕೆ ನಡುಗಿದ್ದು ನನಗೆ ತಿಳಿಯಿತು. ಒಂದೆರಡು ಕಡೆ ಬರೀ ಗಾಳಿ ಬಂತು, ಸುರ ಬರಲಿಲ್ಲ. ಅದನ್ನೂ ಮುಚ್ಚಲಿಲ್ಲ.

ಎದ್ದು ನಿಂತಿದ್ದ ಹಿರಿಯರು ಊಟಕ್ಕೆ ನಿಲ್ಲದೆ ಹೋದರು. ಹೋಗಲಿ. ಉಳಿದವರು ಹೋಳಿಗೆ ತಿಂದರು. ಅಣ್ಣನ ಎಲೆಗೆ ಅಕ್ಕ ತಾನೇ ಬಡಿಸಿದಳು.

ಬನಹಟ್ಟಿಯ ಬಸ್ಸಿನಲ್ಲಿ ಕೂತ ಮೇಲೆ ಅವಳು ಮಾತಾಡಿದಳು, ಕಿಟಕಿಯ ಹೊರಗೆ ನೋಡುತ್ತಾ.

“ಲೇ, ನಾಳಿ ಮುಂಜಾನೆ ಲಗೂನ ಬಾ. ಕೆಳಗ ಗಾಳಿ ಅಷ್ಟ ಬರಾಕತ್ತೇತಿ. ಖರ್ಜ ಹಚ್ಚೂದೈತಿ.”

ಖರ್ಜ ಎಂದರೆ ತೀರ ತಳದ ‘ಸಾ’. ಸಂಗೀತಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಬೆಳಗಿನ ಹೊತ್ತು ಅದನ್ನೇ ಹಚ್ಚಿಸುತ್ತಾರೆ.

“ಈ ವಯಸ್ಸಿನ್ಯಾಗ?” ಎಂದೆ.

“ಮತ್ಯಾವಾಗ? ಸತ್ತ ಮ್ಯಾಲೇನು?”

“ಮೊಮ್ಮಗಳ ಜಡಿ ಹಾಕಿ ಸಾಲಿಗಿ ಕಳಸೂದಿರತೈತಿ.”

“ಆಕಿನ್ನೂ ಕರಕೊಂಡ ಬಾ. ನಮ್ಮ ಮನ್ಯಾಗಽ ಹಾಕು ಜಡಿ.”

ಮರುದಿನ ಹೋದೆ. ಓಣಿಯ ಪವರ್‌ಲೂಮುಗಳು ಇನ್ನೂ ಸುರುವಾಗಿರಲಿಲ್ಲ. ಅಕ್ಕ ಚಾಪೆ ಹಾಸಿಕೊಂಡು ಕೂತಿದ್ದಳು, ತಲೆ ಕೂಡ ಬಾಚಿರಲಿಲ್ಲ. ತಂಬೂರಿಯನ್ನು ಕರಿ ಮೂರಕ್ಕೆ ಕೂಡಿಸಿ ಮೀಟತೊಡಗಿದೆ. ಅವಳು ಉಸಿರು ತೆಗೆದುಕೊಂಡು ತಳದ ‘ಸಾ’ ಹಚ್ಚಿದಳು. ಸುರ ಹತ್ತಲಿಲ್ಲ, ಗಾಳಿ ಬಂತು. ಇನ್ನೊಮ್ಮೆ ಹಚ್ಚಿದಳು.